ರಾತ್ರಿಯ ದೀಪ, ತಿರುಗುವ ಕ್ಯಾಮೆರಾ: ಹೇಗೆ ತಿರುಗಿಸಿದರೆ ಏನು ಸಿಗುತ್ತದೆ?

ದೀಪದ ಸಾಲಿನ ಮುಂದೆ ಕ್ಯಾಮೆರಾ ಅಲುಗಾಡಿದರೆ ಫೋಟೋ ಕೆಟ್ಟಿತು ಅಂತ ಅಳಿಸಿಬಿಡುತ್ತೇವೆ, ಅಲ್ವಾ? ಅದೇ ಅಲುಗಾಟವನ್ನು ಬೇಕೆಂದೇ, ಒಂದು ಲೆಕ್ಕ ಇಟ್ಟುಕೊಂಡು ಮಾಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಶಟರ್ (ಬೆಳಕು ಒಳಗೆ ಬಿಡುವ ಕ್ಯಾಮೆರಾದ ಬಾಗಿಲು) ತೆರೆದಿರುವಾಗ ಕ್ಯಾಮೆರಾವನ್ನು ಕಾರಿನ ಸ್ಟಿಯರಿಂಗ್ ತಿರುಗಿಸಿದ ಹಾಗೆ ತಿರುಗಿಸಬೇಕು. ನಡುವೆ ಇರುವ ದೀಪ ಚುಕ್ಕೆಯಾಗಿಯೇ ಉಳಿಯುತ್ತದೆ. ಸುತ್ತಲಿನ ಒಂದೊಂದು ದೀಪವೂ ಒಂದೊಂದು ಕಮಾನು ಎಳೆಯುತ್ತದೆ. ಎದುರಿಗಿದ್ದದ್ದು ಅರಮನೆಯೋ ಅಂಗಡಿ ಬೀದಿಯೋ ಗುರುತೇ ಸಿಗದೆ ಬರೀ ಬೆಳಕಿನ ಸುತ್ತುಗಳು ಉಳಿಯುತ್ತವೆ.

ಇದು ಹೊಸ ಆಟವೇನಲ್ಲ. ಅಮೆರಿಕದ ಕಲಾವಿದ ಮ್ಯಾನ್ ರೇ 1935ರಲ್ಲಿ ಕ್ಯಾಮೆರಾವನ್ನು ಅಲುಗದ ಹಾಗೆ ಇಟ್ಟು, ಕೈಯಲ್ಲಿ ಸಣ್ಣ ದೀಪ ಹಿಡಿದು ಗಾಳಿಯಲ್ಲಿ ಗೀಚಿದರು. ಅಲ್ಲಿನದೇ ಫೋಟೋಗ್ರಾಫರ್ ಹ್ಯಾರಿ ಕ್ಯಾಲಹನ್ 1946ರಲ್ಲಿ ಷಿಕಾಗೋದಲ್ಲಿ ಉಲ್ಟಾ ಮಾಡಿದರು. ನಿಯಾನ್ ದೀಪಗಳು ಇದ್ದಲ್ಲೇ ಇದ್ದವು, ಅಲುಗಿದ್ದು ಕ್ಯಾಮೆರಾ. ಇಲ್ಲಿ ಹೇಳಹೊರಟಿರುವುದು ಈ ಎರಡನೇ ದಾರಿಯ ಬಗ್ಗೆ, ಅದರಲ್ಲೂ ತಿರುಗಿಸುವುದರ ಬಗ್ಗೆ.

ತಿರುಗಿಸುವುದಕ್ಕೆ ಹಲವು ರೀತಿಗಳಿವೆ. ಕೈಯಲ್ಲೇ ಹಿಡಿದು ತಿರುಗಿಸಬಹುದು. ಟ್ರೈಪಾಡಿನ ಮೇಲಿಟ್ಟು ತಿರುಗಿಸಬಹುದು. ಒಂದೇ ಚಿತ್ರದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ನಿಲ್ಲಿಸಿ ನಿಲ್ಲಿಸಿ ತೆಗೆಯಬಹುದು. ಹಗ್ಗಕ್ಕೆ ಕಟ್ಟಿ ನೇತುಹಾಕಬಹುದು. ಧೈರ್ಯ ಇದ್ದವರು ಮೇಲಕ್ಕೆ ಎಸೆಯುತ್ತಾರೆ. ಏನೂ ಬೇಡ ಅಂದವರು ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ತಿರುಗಿಸುತ್ತಾರೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಹೆಚ್ಚಿನವರು ಮೊದಲು ನೋಡುವುದು ತಮ್ಮ ಬ್ಯಾಗಿನಲ್ಲಿ ಏನಿದೆ ಅನ್ನುವುದನ್ನು. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಎದುರಿಗೆ ಎಂಥ ದೀಪ ಇದೆ ಅನ್ನುವುದನ್ನು. ಬಿಡಿ ಬಿಡಿ ಬಲ್ಬುಗಳಿಗೆ ಒಗ್ಗುವ ರೀತಿ ದೊಡ್ಡ ಬೋರ್ಡುಗಳಿಗೆ ಒಗ್ಗುವುದಿಲ್ಲ. ಕಟ್ಟಡದ ಅಂಚಿಗೆ ಒಗ್ಗುವುದು ಟ್ರಾಫಿಕ್ಕಿಗೆ ಒಗ್ಗುವುದಿಲ್ಲ.

ಉದಾಹರಣೆಗೆ ಮೈಸೂರನ್ನೇ ಇಟ್ಟುಕೊಳ್ಳುತ್ತೇನೆ. ಸುಮಾರು ಒಂದು ಲಕ್ಷ ಬಲ್ಬಿನ ಅರಮನೆ ಒಂದು ಕಡೆ, ದಸರಾ ಸಮಯದಲ್ಲಿ ಸಯ್ಯಾಜಿರಾವ್ ರಸ್ತೆ ತುಂಬಾ ಹಾಕುವ ಎಲ್‌ಇಡಿ ಅಲಂಕಾರ ಇನ್ನೊಂದು ಕಡೆ, ಮೇಲಿಂದ ನೋಡಲು ಚಾಮುಂಡಿ ಬೆಟ್ಟ. ಮೂರೂ ಬೇರೆ ಬೇರೆ ಜಾತಿಯ ಬೆಳಕು.

ಆರಿಸುವ ಮುಂಚೆ ಎರಡು ವಿಷಯ

ಒಂದು, ಗೆರೆ ಎಷ್ಟು ಹೊಳೆಯುತ್ತದೆ ಅನ್ನುವುದು. ಶಟರ್ ಜಾಸ್ತಿ ಹೊತ್ತು ತೆರೆದರೆ ಗೆರೆ ಜಾಸ್ತಿ ಹೊಳೆಯುತ್ತದೆ ಅಂತ ಅನ್ನಿಸುತ್ತದೆ. ಹಾಗಾಗುವುದಿಲ್ಲ. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಬಲ್ಬು 10 ಪಿಕ್ಸೆಲಿನ ಚುಕ್ಕೆಯಾಗಿ ಬೀಳುತ್ತಿದೆ ಅಂತ ಇಟ್ಟುಕೊಳ್ಳಿ. ಅದು ನಡುಬಿಂದುವಿನಿಂದ 1000 ಪಿಕ್ಸೆಲ್ ದೂರದಲ್ಲಿದೆ. ನೀವು 2 ಸೆಕೆಂಡಿನಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಆ ಚುಕ್ಕೆ ಸೆಕೆಂಡಿಗೆ 3100 ಪಿಕ್ಸೆಲ್ ಓಡುತ್ತದೆ. ಅಂದರೆ ದಾರಿಯಲ್ಲಿ ಸಿಕ್ಕ ಯಾವ ಪಿಕ್ಸೆಲಿನ ಮೇಲೂ ಅದು ನಿಲ್ಲುವುದು ಸೆಕೆಂಡಿನ 300ನೇ ಒಂದು ಭಾಗ ಮಾತ್ರ. ಶಟರ್ 2 ಸೆಕೆಂಡ್ ತೆರೆದಿದ್ದರೂ ಗೆರೆಗೆ ಸಿಕ್ಕ ಬೆಳಕು 1/300 ಸೆಕೆಂಡಿನದ್ದು.

ಹಾಗಾಗಿ ಗೆರೆಯ ಹೊಳಪು ನಿಮ್ಮ ವೇಗ, ಅಪರ್ಚರ್ (ಲೆನ್ಸಿನೊಳಗಿನ ಕಂಡಿ; ಎಫ್/ ಸಂಖ್ಯೆ ದೊಡ್ಡದಾದಷ್ಟೂ ಅದು ಸಣ್ಣದು) ಮತ್ತು ಐಎಸ್‌ಒ (ಬೆಳಕು ಹಿಡಿಯುವ ಸೆನ್ಸರ್ ಎಷ್ಟು ಚುರುಕು ಅನ್ನುವ ಅಳತೆ) ಈ ಮೂರರ ಕೈಯಲ್ಲಿದೆ. ಶಟರಿನ ಕೈಯಲ್ಲಿರುವುದು ಗೆರೆಯ ಉದ್ದ ಮತ್ತು ಆಕಾಶದ ಹೊಳಪು. ಗೆರೆ ಮಂಕಾಗಿ ಬಂತು ಅಂತ ಶಟರ್ ಹೆಚ್ಚಿಸಿದರೆ ಆಕಾಶ ಬೆಳ್ಳಗಾಗುತ್ತದೆ, ಗೆರೆ ಹಾಗೇ ಇರುತ್ತದೆ. ಇನ್ನೊಂದು, ಅದೇ ಸುತ್ತಿನಲ್ಲಿ 2500 ಪಿಕ್ಸೆಲ್ ದೂರದ ಬಲ್ಬು ಎರಡೂವರೆ ಪಟ್ಟು ಜೋರಾಗಿ ಓಡುತ್ತದೆ, ಅಷ್ಟೇ ಪಟ್ಟು ಮಂಕಾಗುತ್ತದೆ. ನಡುವೆ ಪ್ರಖರ, ಅಂಚಿಗೆ ಹೋದಂತೆ ತೆಳು. ತಿರುಗಿಸಿದ ಚಿತ್ರಕ್ಕೆ ಆ ಆಳ ಬರುವುದು ಇದರಿಂದಲೇ.

ಎರಡನೆಯದು ದೀಪದ ಮಿಣುಕು. ನಮ್ಮ ಕರೆಂಟು 50 ಹರ್ಟ್ಸಿನದ್ದು. ಆ ಲೆಕ್ಕದಲ್ಲಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, ತಿರುಗುವ ಕ್ಯಾಮೆರಾಕ್ಕೆ ಕಾಣುತ್ತದೆ. 2 ಸೆಕೆಂಡಿನ ಸುತ್ತಿನಲ್ಲಿ ಗೆರೆ 200 ತುಂಡುಗಳಾಗಿ ಒಡೆಯುತ್ತದೆ, ಮಣಿಸರ ಕಂಡ ಹಾಗೆ. ಅಗ್ಗದ ಎಲ್‌ಇಡಿ ಸೀರಿಯಲ್ ಸೆಟ್‌ಗಳಲ್ಲಿ ಮಣಿಗಳು ಚೆನ್ನಾಗಿ ಬಿಡಿಬಿಡಿಯಾಗಿರುತ್ತವೆ. ಸೋಡಿಯಂ ಬೀದಿದೀಪದಲ್ಲೂ ಕಾಣುತ್ತವೆ. ಹಳೇ ಫಿಲಮೆಂಟ್ ಬಲ್ಬಿನಲ್ಲಿ ಮಾತ್ರ ತಂತಿ ಕಾದೇ ಇರುವುದರಿಂದ ಗೆರೆ ಹೆಚ್ಚುಕಮ್ಮಿ ಒಂದೇ ಸಮ ಹರಿಯುತ್ತದೆ. ಹಣತೆ, ಮೇಣದಬತ್ತಿಗಳಿಗೆ ಈ ಕರೆಂಟಿನ ತಂಟೆಯೇ ಇಲ್ಲ. ಒಳ್ಳೆಯ ಡ್ರೈವರ್ (ಕರೆಂಟನ್ನು ಸಮ ಮಾಡಿ ಕೊಡುವ ಸರ್ಕ್ಯೂಟ್) ಇರುವ ಎಲ್‌ಇಡಿಗಳಲ್ಲಿ ಮಣಿ ಬರದೆಯೂ ಇರಬಹುದು. ಒಂದು ಪರೀಕ್ಷೆಯ ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ಯಾವ ದೀಪ ಯಾವ ಜಾತಿ ಅಂತ ಗೊತ್ತಾಗಿಬಿಡುತ್ತದೆ.

ಮಣಿ ಬೇಕೋ ನೂಲು ಬೇಕೋ ಅನ್ನುವುದು ನಿಮ್ಮ ರುಚಿ. ಮಣಿ ಬೇಕಾದರೆ ಜೋರಾಗಿ ತಿರುಗಿಸಬೇಕು, ನಿಧಾನ ಮಾಡಿದರೆ ಮಣಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಕೈಯಲ್ಲೇ ತಿರುಗಿಸುವುದು

ಖರ್ಚಿಲ್ಲ, ಟ್ರೈಪಾಡ್ ಬೇಡ, ಯಾರ ಅನುಮತಿಯೂ ಬೇಡ. ದಸರಾ ಜನಜಂಗುಳಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಬಿಡಿಸುವುದು ಹೋಗಲಿ, ನಿಲ್ಲುವುದೇ ಕಷ್ಟ. ಅಲ್ಲಿ ಇದೊಂದೇ ದಾರಿ.

ಶುರುವಿಗೆ ಐಎಸ್‌ಒ 100, ಅಪರ್ಚರ್ ಎಫ್/8 ಅಥವಾ ಎಫ್/11, ಶಟರ್ ಅರ್ಧದಿಂದ 2 ಸೆಕೆಂಡ್. ಫೋಕಸ್ ಮೊದಲೇ ಮಾಡಿಕೊಂಡು ಮ್ಯಾನುಯಲ್‌ಗೆ ಹಾಕಿಬಿಡಿ, ಇಲ್ಲದಿದ್ದರೆ ಕತ್ತಲಲ್ಲಿ ಲೆನ್ಸು ಹುಡುಕಾಡುತ್ತಾ ಕೂರುತ್ತದೆ. ಇಮೇಜ್ ಸ್ಟೆಬಿಲೈಸೇಷನ್ ಆಫ್ ಮಾಡಿ. ನೀವು ಅಲುಗಾಡಿಸಲು ಹೊರಟಿದ್ದೀರಿ, ಅದು ತಡೆಯಲು ಹೊರಟಿರುತ್ತದೆ.

ಎಡಗೈ ಲೆನ್ಸನ್ನು ಕೆಳಗಿನಿಂದ ಹಿಡಿದಿರಲಿ. ಕ್ಯಾಮೆರಾವನ್ನು ಮೊದಲೇ ಒಂದು ಬದಿಗೆ ಪೂರ್ತಿ ವಾಲಿಸಿಕೊಂಡು, ಅಲ್ಲಿಂದ ಇನ್ನೊಂದು ಬದಿಗೆ ತಿರುಗಿಸಿ. ನೆಟ್ಟಗೆ ಹಿಡಿದು ಶುರು ಮಾಡಿದರೆ ಮಣಿಕಟ್ಟು 90 ಡಿಗ್ರಿ ದಾಟುವುದು ಕಷ್ಟ. ವಾಲಿಸಿ ಶುರು ಮಾಡಿದರೆ ಅರ್ಧ ಸುತ್ತು ಆರಾಮಾಗಿ ಬರುತ್ತದೆ. ತಿರುಗಿಸಲು ಶುರು ಮಾಡಿ, ಆಮೇಲೆ ಶಟರ್ ಒತ್ತಿ, ಅದು ಮುಚ್ಚಿಕೊಂಡ ಮೇಲೂ ಕೈ ಸ್ವಲ್ಪ ಮುಂದಕ್ಕೆ ಹೋಗಲಿ. ಆಗ ಗೆರೆಯ ಎರಡೂ ತುದಿ ಚೊಕ್ಕವಾಗಿ ಕತ್ತರಿಸಿದಂತಿರುತ್ತದೆ.

ಇಲ್ಲಿ ಕೇಂದ್ರ ಅಲ್ಲಾಡದೆ ಇರುವುದಿಲ್ಲ. ಎಷ್ಟೇ ಹುಷಾರಾಗಿ ತಿರುಗಿಸಿದರೂ ಕೈ ಸ್ವಲ್ಪ ಆ ಕಡೆ ಈ ಕಡೆ ಹೋಗುತ್ತದೆ, ವೃತ್ತ ಮೊಟ್ಟೆಯಾಗುತ್ತದೆ. ವೈಡ್ ಲೆನ್ಸಿನಲ್ಲಿ (ಅಗಲಕ್ಕೆ ನೋಡುವ, 18 ಎಂಎಂನಂಥದ್ದು) ಈ ಓಲಾಟ ಕಮ್ಮಿ ಕಾಣುತ್ತದೆ, ಟೆಲಿಯಲ್ಲಿ (ದೂರದ್ದನ್ನು ಹತ್ತಿರ ತರುವ, 200 ಎಂಎಂನಂಥದ್ದು) ಜಾಸ್ತಿ. ಗಮನಿಸಿ, ತಿರುಗುವಿಕೆಗೂ ಲೆನ್ಸಿನ ಉದ್ದಕ್ಕೂ ಸಂಬಂಧವಿಲ್ಲ. 90 ಡಿಗ್ರಿ ತಿರುಗಿಸಿದರೆ 18 ಎಂಎಂನಲ್ಲೂ 200 ಎಂಎಂನಲ್ಲೂ ಕಮಾನು 90 ಡಿಗ್ರಿಯೇ. ಲೆನ್ಸು ದೊಡ್ಡದು ಮಾಡಿ ತೋರಿಸುವುದು ಪಕ್ಕದ ಓಲಾಟವನ್ನು ಮಾತ್ರ. ಹಾಗಾಗಿ ಕೈಯಲ್ಲಿ ಮಾಡುವವರಿಗೆ ಕ್ಯಾಮೆರಾ ಜೊತೆಗೇ ಬರುವ 18–55 ಲೆನ್ಸು ಸಾಕು, ಅದರ 18ರ ಕಡೆಗೇ ಇರಿ.

ಈ ರೀತಿಯ ಬಹಳ ದೊಡ್ಡ ಅನುಕೂಲ ಒಂದಿದೆ: ನಿಂತು ತಿರುಗಿಸುವುದು. ಶಟರ್ 2 ಸೆಕೆಂಡ್ ಇಟ್ಟು, ಮೊದಲ ಒಂದು ಸೆಕೆಂಡ್ ಕಂಬಕ್ಕೋ ಗೋಡೆಗೋ ಒರಗಿ ಅಲುಗದೆ ನಿಲ್ಲಿ. ಉಳಿದ ಒಂದು ಸೆಕೆಂಡಿನಲ್ಲಿ ತಿರುಗಿಸಿ. ಕಟ್ಟಡದ ಆಕಾರ ಮಸುಕಾಗಿ ಉಳಿಯುತ್ತದೆ, ಅದರ ಒಂದೊಂದು ಬಲ್ಬಿನಿಂದಲೂ ಒಂದು ಕೂದಲೆಳೆ ಹೊರಡುತ್ತದೆ. ಪೂರ್ತಿ ಅಮೂರ್ತ ಆಗಿಬಿಟ್ಟರೆ ನೋಡುವವರಿಗೆ ಹಿಡಿತ ಸಿಗುವುದಿಲ್ಲ ಅನ್ನುವವರಿಗೆ ಇದು ಸರಿಯಾದ ರಾಜಿ. ನನಗಂತೂ ಇದು ಪೂರ್ತಿ ಸುತ್ತಿಗಿಂತ ಇಷ್ಟ.

ದೊಡ್ಡ ಬೋರ್ಡು, ಟ್ಯೂಬ್‌ಲೈಟ್ ತುಂಬಿದ ಅಂಗಡಿಗಳ ಮುಂದೆ ಇದನ್ನು ಮಾಡಬೇಡಿ. ಅಗಲವಾದ ಬೆಳಕು ಗೆರೆ ಎಳೆಯುವುದಿಲ್ಲ, ಬಳಿದುಬಿಡುತ್ತದೆ. ಅಂಥ ಕಡೆ 20–30 ಡಿಗ್ರಿಯಷ್ಟು ಸಣ್ಣ ತಿರುವು ಸಾಕು.

ಟ್ರೈಪಾಡಿನ ಮೇಲೆ ಪೂರ್ತಿ ಸುತ್ತು

ಅಚ್ಚುಕಟ್ಟಾದ ವೃತ್ತ ಬೇಕು ಅಂದರೆ ಕೈ ಬಿಟ್ಟು ಟ್ರೈಪಾಡಿಗೆ ಬರಲೇಬೇಕು. ಆದರೆ ಟ್ರೈಪಾಡ್ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಸಾಮಾನ್ಯ ಬಾಲ್ ಹೆಡ್ಡನ್ನು (ಟ್ರೈಪಾಡಿನ ತುದಿಯಲ್ಲಿ ಕ್ಯಾಮೆರಾ ಕೂರಿಸುವ ಗುಂಡು ಕೀಲು) ಪಕ್ಕಕ್ಕೆ ವಾಲಿಸಿದರೆ ಕ್ಯಾಮೆರಾ ಲೆನ್ಸಿನ ನಡುಬಿಂದುವಿನ ಸುತ್ತ ತಿರುಗುವುದಿಲ್ಲ, ಕೆಳಗಿರುವ ಗುಂಡಿನ ಸುತ್ತ ವಾಲುತ್ತದೆ. ಅದೂ 90 ಡಿಗ್ರಿಗೆ ಮುಗಿಯಿತು.

ಬೇಕಾದ್ದು ಟ್ರೈಪಾಡ್ ಕಾಲರ್. 70–200ರಂಥ ಉದ್ದದ ಲೆನ್ಸುಗಳ ಸೊಂಟಕ್ಕೆ ಒಂದು ಉಂಗುರ ಇರುತ್ತದಲ್ಲ, ಅದು. ಉಂಗುರವನ್ನು ಟ್ರೈಪಾಡಿಗೆ ಕೂರಿಸಿ, ಅದರ ತಿರುಪು ಸಡಿಲ ಮಾಡಿದರೆ ಲೆನ್ಸು, ಕ್ಯಾಮೆರಾ ಎರಡೂ ತಮ್ಮ ಜಾಗದಲ್ಲೇ ಗಿರ್ರನೆ ತಿರುಗುತ್ತವೆ. ಕೊಳ್ಳುವ ಮುಂಚೆ ಎರಡು ನೋಡಿ. ಕೆಲವು ಲೆನ್ಸುಗಳಿಗೆ, ಉದಾಹರಣೆಗೆ ಕ್ಯಾನನ್‌ನ ಇಎಫ್ 70–200 ಎಫ್/4ಕ್ಕೆ, ಕಾಲರ್ ಜೊತೆಗೆ ಬರುವುದಿಲ್ಲ, ಬೇರೆ ಕೊಳ್ಳಬೇಕು. ಇನ್ನು ಕೆಲವು ಕಾಲರ್‌ಗಳು 90 ಡಿಗ್ರಿಗೊಮ್ಮೆ ಟಿಕ್ ಅಂತ ಹಿಡಿದುಕೊಳ್ಳುತ್ತವೆ. ಮದುವೆ ಫೋಟೋದವರಿಗೆ ಅದು ಅನುಕೂಲ, ನಮಗೆ ತೊಂದರೆ. ಆ ನಾಲ್ಕು ಜಾಗದಲ್ಲೂ ಗೆರೆಯಲ್ಲಿ ಗಂಟು ಬೀಳುತ್ತದೆ. ಅಂಗಡಿಯಲ್ಲೇ ಒಂದು ಸಲ ತಿರುಗಿಸಿ ನೋಡಿ.

ಕ್ಯಾಮೆರಾದ ಬೆಲ್ಟು ಬಿಚ್ಚಿಡಿ, ಸುತ್ತು ಹೊಡೆಯುವಾಗ ಅದು ಲೆನ್ಸಿನ ಮುಂದೆ ಬರುತ್ತದೆ. ರಿಮೋಟ್ ವೈರ್ ಇದ್ದರೆ ಅದೂ ಸುತ್ತಿಕೊಳ್ಳುತ್ತದೆ, ಅದಕ್ಕೆ 2 ಸೆಕೆಂಡಿನ ಟೈಮರ್ ಮೇಲು.

ಚಾಮುಂಡಿ ಬೆಟ್ಟದ ಮೇಲಿಂದ ಊರಿನ ದೀಪ ತೆಗೆಯಲು ಇದು ಹೇಳಿ ಮಾಡಿಸಿದ್ದು. ದೂರದ ಊರು, ಸಣ್ಣ ಸಣ್ಣ ಚುಕ್ಕೆಗಳು, ಟೆಲಿ ಲೆನ್ಸೇ ಬೇಕು, ಕಾಲರ್ ಇರುವುದೂ ಅದಕ್ಕೇ. ಆದರೆ ಪೂರ್ತಿ ಸುತ್ತು ಹೊಡೆದರೆ ಒಂದು ತೊಂದರೆ: ಎಲ್ಲ ಊರೂ ಒಂದೇ ಥರ ಕಾಣುತ್ತದೆ. ಮೈಸೂರಾದರೇನು, ಮಂಗಳೂರಾದರೇನು, ಒಂದರೊಳಗೊಂದು ಬಳೆಗಳು, ಅಷ್ಟೇ. ಮೊದಲ ಒಂದೆರಡು ಚಿತ್ರಕ್ಕೆ ವಾಹ್ ಅನ್ನಿಸುತ್ತದೆ, ಆಮೇಲೆ ಸಾಕು ಅನ್ನಿಸುತ್ತದೆ. ದೀಪಗಳು ವಿರಳವಾಗಿದ್ದು, ಬೇರೆ ಬೇರೆ ಬಣ್ಣದ್ದಾಗಿದ್ದರೆ ಮಾತ್ರ ಪೂರ್ತಿ ಸುತ್ತು. ಕಿಕ್ಕಿರಿದಿದ್ದರೆ ಕಾಲು ಸುತ್ತಿಗೆ ನಿಲ್ಲಿಸಿ.

ಕಾಲರ್ ಇರುವ ಲೆನ್ಸು ಇಲ್ಲದವರಿಗೂ ಒಂದು ಉಪಾಯ ಇದೆ. ಕ್ಯಾಮೆರಾವನ್ನು ನೆಟ್ಟಗೆ ಆಕಾಶಕ್ಕೆ ಮುಖ ಮಾಡಿ ಇಡಿ. ಈಗ ಟ್ರೈಪಾಡಿನ ತಳ ತಿರುಗಿಸಿದರೆ ಕ್ಯಾಮೆರಾ ಸ್ಟಿಯರಿಂಗಿನ ಹಾಗೇ ತಿರುಗುತ್ತದೆ. ತಲೆ ಮೇಲೆ ದೀಪ ಇರುವ ಜಾಗ ಬೇಕು, ಅಷ್ಟೇ. ಗಣೇಶನ ಪೆಂಡಾಲಿನ ಚಾವಣಿ, ಸೀರಿಯಲ್ ಸೆಟ್ ಸುತ್ತಿದ ಮರದ ಬುಡ, ಮದುವೆ ಚಪ್ಪರ. ಲೆನ್ಸು ತಳದ ನಡುವಿಗಿಂತ ಒಂದೆರಡು ಇಂಚು ಪಕ್ಕಕ್ಕೆ ಹೋದರೂ ಹತ್ತು ಹದಿನೈದು ಅಡಿ ಎತ್ತರದ ದೀಪಕ್ಕೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಮರದ ಬುಡದಿಂದ ಮೇಲಕ್ಕೆ ತೆಗೆದದ್ದಂತೂ ಚೆನ್ನಾಗಿ ಬರುತ್ತದೆ, ಕೊಂಬೆಗಳೆಲ್ಲ ನಡುಬಿಂದುವಿನಿಂದಲೇ ಹೊರಟಿರುತ್ತವೆ.

ನಿಲ್ಲಿಸಿ ನಿಲ್ಲಿಸಿ ತಿರುಗಿಸುವುದು

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದು ಇದು, ಹೆಚ್ಚು ಕೊಡುವುದೂ ಇದೇ. ಇಲ್ಲಿ ಗೆರೆ ಇಲ್ಲ. ಶಟರ್ ತೆರೆದೇ ಇರುತ್ತದೆ. ಮೊದಲ ಭಂಗಿಯಲ್ಲಿ ಒಂದು ಸೆಕೆಂಡ್ ಬೆಳಕು ಬಿಡುತ್ತೀರಿ. ಕಪ್ಪು ಕಾರ್ಡಿನಿಂದ ಲೆನ್ಸು ಮುಚ್ಚುತ್ತೀರಿ. ಕಾಲರ್ ಸಡಿಲಿಸಿ ತಿರುಗಿಸುತ್ತೀರಿ. ಕಾರ್ಡು ತೆಗೆದು ಮತ್ತೆ ಒಂದು ಸೆಕೆಂಡ್. ಹೀಗೆ ನಾಲ್ಕು ಸಲವೋ ಆರು ಸಲವೋ. ಒಂದೇ ಕಟ್ಟಡ ತನ್ನ ಸುತ್ತ ತಾನೇ ನಿಂತುಕೊಂಡು ಒಂದು ಮಂಡಲವಾಗುತ್ತದೆ. ಕ್ಯಾಮೆರಾ, ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಮೋಡ್‌ನಲ್ಲಿರಬೇಕು, ಶಟರ್ ತೆರೆದು ಹಿಡಿಯಲು ರಿಮೋಟ್ ಬೇಕು. ಇಲ್ಲಿ ತಿರುಗುವಾಗ ಲೆನ್ಸು ಮುಚ್ಚಿರುವುದರಿಂದ ವೈರು ಅಡ್ಡ ಬಂದರೂ ಪರವಾಗಿಲ್ಲ.

ಮೈಸೂರು ಅರಮನೆಯಲ್ಲಿ ಇದರ ಮಜಾ ನೋಡಿ. ಸುಮ್ನೆ 180 ಡಿಗ್ರಿ ಒಂದೇ ಸಲ ತಿರುಗಿಸಿದರೆ ಕಟ್ಟಡ ತಲೆಕೆಳಗಾಗುತ್ತದೆ, ಎಡ ಬಲವೂ ಅದಲುಬದಲಾಗುತ್ತದೆ. ಆದರೆ ಅರಮನೆಯ ಮುಂಭಾಗದ ಎಡವೂ ಬಲವೂ ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ಅದಲುಬದಲಾದದ್ದು ಕಾಣುವುದೇ ಇಲ್ಲ. ಎದುರಿಗೆ ನಿಂತು, ಅರಮನೆಯ ತಳವನ್ನು ಫ್ರೇಮಿನ ನಡುಗೆರೆಗೆ ಹೊಂದಿಸಿ ತೆಗೆದರೆ ಕೆರೆಯ ದಂಡೆಯ ಮೇಲೆ ನಿಂತ ಅರಮನೆ, ನೀರಿನಲ್ಲಿ ಅದರ ನೆರಳು. ನೀರೇ ಇಲ್ಲದ ಜಾಗದಲ್ಲಿ! ತಳದ ಬದಲು ನಡುಗೋಪುರದ ತುದಿಯನ್ನು ಫ್ರೇಮಿನ ನಡುವಿಗೆ ತಂದು 90 ಡಿಗ್ರಿಯಂತೆ ನಾಲ್ಕು ಸಲ ತೆಗೆದರೆ ನಾಲ್ಕು ಗೋಪುರಗಳು ತುದಿಗೆ ತುದಿ ಕೂಡಿ ನಕ್ಷತ್ರ.

ಲೆಕ್ಕ ತಪ್ಪುವ ಜಾಗ ಎರಡಿವೆ. ಮೊದಲನೆಯದು ಫ್ರೇಮಿನ ಆಕಾರ. ಫುಲ್‌ಫ್ರೇಮ್ ಸೆನ್ಸರ್ (ಹಳೇ ಫಿಲ್ಮ್ ರೀಲಿನ ಚೌಕಟ್ಟಿನಷ್ಟೇ ದೊಡ್ಡದು) 36 ಮಿಮೀ ಅಗಲ, 24 ಮಿಮೀ ಎತ್ತರ. ಅಡ್ಡ ಇದ್ದಾಗ ಅಂಚಿನಲ್ಲಿ ಹಿಡಿಸಿದ್ದು ಉದ್ದ ಮಾಡಿದಾಗ ಹೊರಗೆ ಹೋಗುತ್ತದೆ. ಎಲ್ಲ ಭಂಗಿಯಲ್ಲೂ ಉಳಿಯುವುದು ನಡುವಿನ 24 ಮಿಮೀ ವ್ಯಾಸದ ವೃತ್ತ ಮಾತ್ರ. ಅದು ಫ್ರೇಮಿನ ಅರ್ಧಕ್ಕಿಂತ ಒಂಚೂರು ಜಾಸ್ತಿ. ಹಾಗಾಗಿ ಬೇಕಾದ್ದನ್ನೆಲ್ಲ ಆ ವೃತ್ತದೊಳಗೆ ಕೂರಿಸಿ, ಕೊನೆಗೆ ಚೌಕಕ್ಕೆ ಕತ್ತರಿಸಿ.

ಎರಡನೆಯದು ಆಕಾಶ. ಕಟ್ಟಡ ಪ್ರತಿ ಸಲ ಬೇರೆ ಜಾಗದಲ್ಲಿ ಬೀಳುತ್ತದೆ, ಆಕಾಶ ಮಾತ್ರ ಎಲ್ಲ ಕಡೆಯೂ ಪದೇ ಪದೇ ಬೀಳುತ್ತದೆ. ಒಂದು ಸೆಕೆಂಡಿನಂತೆ ಆರು ಸಲ ಅಂದರೆ ಆಕಾಶಕ್ಕೆ ಆರು ಸೆಕೆಂಡಿನ ಬೆಳಕು. ಆಕಾಶ ಕಪ್ಪಿಲ್ಲದಿದ್ದರೆ ಚಿತ್ರ ಹಾಲು ಚೆಲ್ಲಿದಂತಾಗುತ್ತದೆ. ಅರಮನೆಗೆ ಭಾನುವಾರ, ಸರ್ಕಾರಿ ರಜೆ ಮತ್ತು ದಸರಾ ದಿನಗಳಲ್ಲಿ ಸಂಜೆ 7ರ ಹೊತ್ತಿಗೆ ದೀಪ ಹಾಕುತ್ತಾರೆ, ಭಾನುವಾರ, ರಜೆಗಳಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಸೂರ್ಯ 6ರ ಆಸುಪಾಸಿಗೇ ಮುಳುಗುವುದರಿಂದ 7ಕ್ಕೆ ಆಕಾಶ ಪೂರ್ತಿ ಕಪ್ಪು. ಮೇ, ಜೂನಿನಲ್ಲಿ ಮುಳುಗುವುದೇ 6.45ರ ಆಸುಪಾಸಿಗೆ, 7ಕ್ಕೆ ಇನ್ನೂ ನೀಲಿ ಉಳಿದಿರುತ್ತದೆ. ನಿಲ್ಲಿಸಿ ತೆಗೆಯುವುದಕ್ಕೆ ಚಳಿಗಾಲ, ನಿಂತು ತಿರುಗಿಸುವುದಕ್ಕೆ ಬೇಸಿಗೆಯ ನೀಲಿ. ಟ್ರೈಪಾಡ್ ಒಳಗೆ ಬಿಡುತ್ತಾರೋ ಇಲ್ಲವೋ ಮೊದಲೇ ವಿಚಾರಿಸಿಕೊಂಡು ಹೋಗಿ.

ಟ್ರೈಪಾಡೂ ಇಲ್ಲ, ಕಾಲರೂ ಇಲ್ಲ ಅಂದರೆ ಕ್ಯಾಮೆರಾದೊಳಗೇ ಇರುವ, ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಮಲ್ಟಿಪಲ್ ಎಕ್ಸ್‌ಪೋಷರ್ ಬಳಸಬಹುದು. ಅನೇಕ ನಿಕಾನ್, ಕ್ಯಾನನ್ ಬಾಡಿಗಳಲ್ಲಿ ಇದೆ. ಅದರಲ್ಲಿ 'ಲೈಟನ್' ಅಥವಾ 'ಬ್ರೈಟ್' ಅಂತ ಒಂದು ಆಯ್ಕೆ ಇದ್ದರೆ ಅದನ್ನೇ ಹಾಕಿ. ಪ್ರತಿ ಜಾಗದಲ್ಲೂ ಹೆಚ್ಚು ಬೆಳಕಿರುವ ಚಿತ್ರವನ್ನಷ್ಟೇ ಅದು ಉಳಿಸಿಕೊಳ್ಳುತ್ತದೆ, ಆಕಾಶ ಒಂದರ ಮೇಲೊಂದು ಕೂಡಿಕೊಳ್ಳುವುದಿಲ್ಲ. ಹಿಂದಿನ ಚಿತ್ರ ತೆರೆಯ ಮೇಲೆ ತೆಳುವಾಗಿ ಕಾಣುವ ಬಾಡಿಗಳಲ್ಲಿ ಕೈಯಲ್ಲೇ ಹಿಡಿದು ಹೊಂದಿಸಬಹುದು. ಕಾರ್ಡು, ಕಾಲರಿನ ನಿಖರತೆ ಬರುವುದಿಲ್ಲ, ಆದರೆ ಜನರ ನಡುವೆ ನಿಂತು ಮಾಡಬಹುದು.

ನೇತುಹಾಕುವುದು

ಮನೆಯಲ್ಲೇ ಮಾಡುವವರಿಗೆ, ಅದರಲ್ಲೂ ಬರೀ ಫೋನ್ ಇರುವವರಿಗೆ ನಾನು ಹೇಳುವುದು ಇದನ್ನು. ಹಳೇ ಮನೆಗಳಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇರುತ್ತದೆ. ಅದಕ್ಕೆ ಗಟ್ಟಿ ಹಗ್ಗ ಕಟ್ಟಿ, ತುದಿಗೆ ಫೋನಿನ ಹೋಲ್ಡರ್ ಸಿಕ್ಕಿಸಿ, ಕ್ಯಾಮೆರಾ ನೆಲ ನೋಡುವಂತೆ ಮಾಡಿ. ಹಗ್ಗವನ್ನು ಹತ್ತಾರು ಸುತ್ತು ಹುರಿ ಹಾಕಿ ಬಿಟ್ಟರೆ ಅದು ತಾನೇ ಬಿಚ್ಚಿಕೊಳ್ಳುತ್ತಾ ತಿರುಗುತ್ತದೆ. ಕೆಳಗೆ ದೀಪಾವಳಿಯ ಹಣತೆಗಳು. 10 ಸೆಕೆಂಡಿನ ಟೈಮರ್, 4ರಿಂದ 8 ಸೆಕೆಂಡಿನ ಶಟರ್.

ಹಣತೆ ಜೋಡಿಸುವುದರಲ್ಲಿ ಒಂದು ಗುಟ್ಟಿದೆ. ಅಂದವಾಗಿ ವೃತ್ತಾಕಾರದಲ್ಲಿ ಇಟ್ಟರೆ ಎಲ್ಲ ಹಣತೆಗಳೂ ಒಂದೇ ವೃತ್ತದ ಮೇಲೆ ಓಡಿ, ಇಷ್ಟೆಲ್ಲ ಮಾಡಿ ಸಿಗುವುದು ಒಂದೇ ಒಂದು ಬಳೆ. ನಡುವಿನಿಂದ ಹೊರಕ್ಕೆ ಒಂದು ಸಾಲಾಗಿ ಇಡಿ, ಅಥವಾ ಸುರುಳಿಯಾಗಿ. ಆಗ ಒಂದೊಂದಕ್ಕೂ ಅದರದೇ ಸುತ್ತು. ಫೋನನ್ನು ಹಗ್ಗದ ನೇರಕ್ಕೆ ಕೂರಿಸದೆ ಬೇಕೆಂದೇ ಸ್ವಲ್ಪ ಪಕ್ಕಕ್ಕೆ, ಓರೆಯಾಗಿ ಕಟ್ಟಿದರೆ ಹಗ್ಗ ಓಲಾಡುತ್ತಾ ತಿರುಗುತ್ತದೆ, ಸುತ್ತುಗಳು ಹೂವಿನ ದಳಗಳಾಗುತ್ತವೆ. ಹಗ್ಗ ಬಿಚ್ಚಿಕೊಳ್ಳುವಾಗ ವೇಗ ಏರಿ ಆಮೇಲೆ ಇಳಿಯುವುದರಿಂದ ಒಂದೇ ಗೆರೆಯಲ್ಲಿ ಹೊಳಪೂ ಏರಿಳಿಯುತ್ತದೆ. ಬೇರೆ ಯಾವ ರೀತಿಯಲ್ಲೂ ಇದು ಇಷ್ಟು ಸಲೀಸಾಗಿ ಬರುವುದಿಲ್ಲ.

ದೀಪ ಹಚ್ಚುವ ಮುಂಚೆ ಕೆಳಗೆ ಹಾಸಿಗೆ ಹಾಕಿ ಒಂದು ಸಲ ತಿರುಗಿಸಿ ನೋಡಿ. ಕಟ್ಟು ಗಟ್ಟಿ ಅಂತ ಖಾತ್ರಿಯಾದ ಮೇಲೆ ಹಾಸಿಗೆ ತೆಗೆದು ಹಣತೆ ಇಡಿ. ಮಕ್ಕಳು, ಪರದೆ, ಫ್ಯಾನು ಎಲ್ಲ ದೂರ ಇರಲಿ.

ಎಸೆಯುವುದು, ಕಂಪ್ಯೂಟರಿನಲ್ಲಿ ತಿರುಗಿಸುವುದು

ಎಸೆಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಯಾಮೆರಾವನ್ನು ಮೇಲಕ್ಕೆ ಚಿಮ್ಮಿ ಅರ್ಧ, ಒಂದು ಸೆಕೆಂಡಿನಲ್ಲಿ ಹಿಡಿದುಕೊಳ್ಳುವುದು. ರಿಬ್ಬನ್ನಿನಂಥ ಗೆರೆಗಳು ಬರುತ್ತವೆ, ನಿಜ. ಆದರೆ ಏನು ಬರುತ್ತದೆ ಅನ್ನುವುದರಲ್ಲಿ ನಿಮ್ಮ ಪಾಲು ಕಮ್ಮಿ, ಬಿದ್ದರೆ ಆಗುವ ಖರ್ಚು ಮಾತ್ರ ಪೂರ್ತಿ ನಿಮ್ಮದು. ಹಳೇ ಪಾಯಿಂಟ್ ಅಂಡ್ ಶೂಟ್ (ಸಣ್ಣ ಜೇಬಿನ ಕ್ಯಾಮೆರಾ) ಮೂಲೆಯಲ್ಲಿ ಬಿದ್ದಿದ್ದರೆ, ಕೆಳಗೆ ಹುಲ್ಲುಹಾಸಿದ್ದರೆ ಆಡಿ ನೋಡಿ.

ಕಂಪ್ಯೂಟರಿನ ವಿಷಯಕ್ಕೆ ಬಂದರೆ, ಫೋಟೋಶಾಪಿನ ರೇಡಿಯಲ್ ಬ್ಲರ್‌ನಲ್ಲಿ 'ಸ್ಪಿನ್' ಅಂತಲೇ ಇದೆ. ಹಾಗಿದ್ದಮೇಲೆ ಈ ಪಾಡೆಲ್ಲ ಯಾಕೆ? ವ್ಯತ್ಯಾಸ ದೀಪದ ಹೊಳಪಿನಲ್ಲಿದೆ. ಜೆಪೆಗ್ ಚಿತ್ರದಲ್ಲಿ ಬಲ್ಬಿನ ಬೆಳಕು ಎಷ್ಟೇ ಇದ್ದರೂ 255ಕ್ಕೆ, ಅಂದರೆ ಅದು ಬರೆದಿಡಬಲ್ಲ ಅತಿ ಹೆಚ್ಚಿನ ಹೊಳಪಿಗೆ, ಮೊಟಕಾಗಿರುತ್ತದೆ. ಆ 255ನ್ನು ಉದ್ದಕ್ಕೆ ಹರಡಿದರೆ ಬೂದು ಬಣ್ಣದ ಪಟ್ಟಿ ಬರುತ್ತದೆ. ನಿಜವಾಗಿ ತಿರುಗಿಸಿದಾಗ ಬಲ್ಬಿನ ಪೂರ್ತಿ ಬೆಳಕು ದಾರಿಯುದ್ದಕ್ಕೂ ಬೀಳುತ್ತದೆ. ಗೆರೆ ಗೆರೆಯಾಗಿಯೇ ಹೊಳೆಯುತ್ತದೆ, ಬಲ್ಬಿನ ನಿಜಬಣ್ಣವೂ ಕಾಣುತ್ತದೆ, ಯಾಕೆಂದರೆ ಅಷ್ಟು ಜೋರಾಗಿ ಓಡುವಾಗ ಅದು ಸುಟ್ಟು ಬೆಳ್ಳಗಾಗುವುದಿಲ್ಲ. ಎಲ್‌ಇಡಿ ಮಣಿಗಳಂತೂ ಕಂಪ್ಯೂಟರಿನಲ್ಲಿ ಬರುವುದೇ ಇಲ್ಲ. ನಿಲ್ಲಿಸಿ ನಿಲ್ಲಿಸಿ ತೆಗೆಯುವ ಚಿತ್ರವನ್ನು ಮಾತ್ರ ಕಂಪ್ಯೂಟರಿನಲ್ಲಿ ಹೆಚ್ಚುಕಮ್ಮಿ ಹಾಗೇ ಮಾಡಬಹುದು: ಒಂದೇ ಫೋಟೋವನ್ನು ನಾಲ್ಕು ಪದರ ಮಾಡಿ ತಿರುಗಿಸಿ 'ಲೈಟನ್' ಹಾಕಿದರಾಯಿತು. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಹೋಗುವ ಮುಂಚೆ ಹಳೇ ಫೋಟೋ ಒಂದರ ಮೇಲೆ ಹೀಗೆ ಮಾಡಿ ನೋಡಿದರೆ, ಅಲ್ಲಿಗೆ ಹೋದಾಗ ಎಲ್ಲಿ ನಿಲ್ಲಬೇಕು, ಎಷ್ಟು ಡಿಗ್ರಿ ಅನ್ನುವುದು ಮೊದಲೇ ಗೊತ್ತಿರುತ್ತದೆ.

ಫೋನಿನವರಿಗೆ

ನೈಟ್ ಮೋಡ್ ಬೇಡ. ಅದು ಹಲವು ಚಿತ್ರ ತೆಗೆದು ಒಂದಕ್ಕೊಂದು ಹೊಂದಿಸಿ, ಅಲುಗಾಡಿದ್ದನ್ನು ಎಸೆದುಬಿಡುತ್ತದೆ. ನಿಮಗೆ ಬೇಕಾದದ್ದನ್ನೇ ಅದು ಎಸೆಯುತ್ತದೆ. ಆಂಡ್ರಾಯ್ಡ್ ಫೋನಿನ ಪ್ರೋ ಮೋಡ್‌ಗೆ ಹೋಗಿ ಐಎಸ್‌ಒ 50 ಅಥವಾ 100, ಶಟರ್ 1–2 ಸೆಕೆಂಡ್ ಹಾಕಿ. ಐಫೋನಿನ ತನ್ನದೇ ಕ್ಯಾಮೆರಾದಲ್ಲಿ ಶಟರ್ ಹೀಗೆ ಹಾಕಲು ಬರುವುದಿಲ್ಲ, ಬೇರೆ ಆ್ಯಪ್ ಬೇಕು. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಕಮ್ಮಿ ಮಾಡಲು ಆಗದ್ದರಿಂದ ಅಂಗಡಿ ಬೀದಿಯಲ್ಲಿ ಎಲ್ಲ ಬೆಳ್ಳಗಾಗುತ್ತದೆ. ಲೆನ್ಸಿನ ಮುಂದೆ ಕೂಲಿಂಗ್ ಗ್ಲಾಸ್ ಹಿಡಿಯಿರಿ, ತಮಾಷೆಯಲ್ಲ, ಕೆಲಸ ಮಾಡುತ್ತದೆ. ಇನ್ನೊಂದು, ಫೋನಿನ ಲೆನ್ಸು ಮೂಲೆಯಲ್ಲಿರುತ್ತದೆ. ಫೋನನ್ನು ಅದರ ನಡುವಿನಲ್ಲಿ ಹಿಡಿದು ತಿರುಗಿಸಿದರೆ ಲೆನ್ಸೇ ಒಂದು ಸುತ್ತು ಹೊಡೆಯುತ್ತದೆ. ದೂರದ ದೀಪಕ್ಕೆ ಪರವಾಗಿಲ್ಲ, ಹತ್ತಿರದ ದೀಪಕ್ಕೆ ಕೇಂದ್ರ ಓಡಾಡುತ್ತದೆ. ಬೆರಳನ್ನು ಲೆನ್ಸಿನ ಪಕ್ಕದಲ್ಲಿಟ್ಟು ಅದರ ಸುತ್ತಲೇ ತಿರುಗಿಸುವುದು ರೂಢಿ ಮಾಡಿಕೊಳ್ಳಿ.

ಒಂದು ಸಂಜೆ ಮೈಸೂರಿನಲ್ಲಿ ಸಿಕ್ಕರೆ

ದಸರಾ ಸಂಜೆ ಒಂದೇ ಸಿಕ್ಕಿದೆ, ಕೈಯಲ್ಲಿ 18–55 ಇರುವ ಕ್ಯಾಮೆರಾ ಮಾತ್ರ ಇದೆ ಅಂದರೆ ನಾನು ಮಾಡುವುದು ಹೀಗೆ. ಅರಮನೆಯ ದೀಪ ಹತ್ತಿದ ಕೂಡಲೇ, ಆಕಾಶದಲ್ಲಿ ನೀಲಿ ಇನ್ನೂ ಇದ್ದರೆ, ನಿಂತು ತಿರುಗಿಸುವ ಚಿತ್ರ. ಪೂರ್ತಿ ಕತ್ತಲಾದ ಮೇಲೆ ಎದುರಿಗೆ ಹೋಗಿ ಮಲ್ಟಿಪಲ್ ಎಕ್ಸ್‌ಪೋಷರ್‌ನಲ್ಲಿ 180 ಡಿಗ್ರಿಯ ಒಂದು ಜೋಡಿ. ಅರಮನೆಯ ದೀಪ ಆರಿದ ಮೇಲೆ ಕೆ.ಆರ್. ಸರ್ಕಲ್ ಕಡೆ ನಡೆದು, ರಸ್ತೆ ಮೇಲಿನ ಎಲ್‌ಇಡಿ ಅಲಂಕಾರದ ಕೆಳಗೆ, ಫುಟ್‌ಪಾತ್ ಬಿಟ್ಟು ಇಳಿಯದೆ, ಕ್ಯಾಮೆರಾವನ್ನು ಮೇಲಕ್ಕೆ ಮುಖ ಮಾಡಿ ಜೋರಾಗಿ ಕಾಲು ಸುತ್ತು. ಮಣಿಗಳು ಬರುವುದು ಇಲ್ಲೇ. ಟ್ರೈಪಾಡ್, ಕಾಲರ್ ಲೆನ್ಸು ಇದ್ದವರು ಜನ ಕಮ್ಮಿ ಇರುವ ಡಿಸೆಂಬರಿನ ಒಂದು ಭಾನುವಾರ ಬನ್ನಿ. ಬರುವಾಗ ಕಪ್ಪು ಕಾರ್ಡು ಕೊಂಚ ದೊಡ್ಡದೇ ತನ್ನಿ, 70–200ರ ಹುಡ್ಡು (ಲೆನ್ಸಿನ ಮುಂದಿನ ನೆರಳು ಕೊಳವೆ) ಮುಚ್ಚುವಷ್ಟು.